ಕಡಲ ದಡದ ಮೀನುಗಾರಿಕೆ: ಗಾಳ, ಎರೆ ಮತ್ತು ರಂಪಣಿ

ಕನ್ನಡ ನಾಡಿನ ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಬಾದಾಮಿ, ಹಳೇಬೀಡು, ಹಂಪೆಗಳ ಕಡೆಗೆ ಹರಿಯುವುದು ಸಹಜ. ಅಲ್ಲಿ ಅರಸರು ಕಡೆಯಿಸಿದ ಕಲ್ಲುಗಳಿವೆ, ಕಲ್ಲಿನ ಮೇಲೆ ಅಕ್ಷರಗಳಿವೆ. ನಾಡಿನ ಪಡುವಣ ದಂಡೆಯ ಸ್ಥಿತಿ ಬೇರೆ. ಕಾರವಾರದ ಬಡಗಲಿನ ಮಾಜಾಳಿಯಿಂದ ಮಂಗಳೂರಿನ ತೆಂಕಲಿನ ಉಳ್ಳಾಲದಾಚೆಯವರೆಗೆ ಸುಮಾರು ೩೦೦ ಕಿಲೋಮೀಟರು ಹಬ್ಬಿರುವ ಈ ಕರಾವಳಿಯಲ್ಲಿ ಬಾಳಿದ ಮೊಗವೀರ, ಖಾರ್ವಿ, ಹರಿಕಂತ್ರ, ಗಾಬಿತ, ಅಂಬಿಗ, ದಾಲ್ದಿ ಮೊದಲಾದ ಜನರು ತಮ್ಮ ವಿದ್ಯೆಯನ್ನು ಕಲ್ಲಿನ ಮೇಲೆ ಬರೆಯಿಸಲಿಲ್ಲ. ಅದನ್ನು ನೂಲು, ಹಗ್ಗ, ಗಾಳ, ಬಲೆಗಳಲ್ಲಿ ಕಾಪಾಡಿಕೊಂಡು ಬಂದರು. ನೂಲು ನೀರಿನಲ್ಲಿ ಕೊಳೆಯುವ ವಸ್ತು. ಆದ್ದರಿಂದ ಆ ಚರಿತ್ರೆಯ ಬಹುಭಾಗವು ನಮ್ಮ ಗ್ರಂಥಗಳಿಗೆ ಬಾರದೆ ಹೋಗಿದೆ.

ದಡದಲ್ಲಿ ನಿಂತು ಸಮುದ್ರದ ಮೀನನ್ನು ಹಿಡಿಯುವವನು ಯಾವ ಕಾಲಕ್ಕೆ ಯಾವ ಸಾಧನವನ್ನು ಆರಿಸಿದನು, ಏಕೆ ಆರಿಸಿದನು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಹೊರನೋಟಕ್ಕೆ ಇದು ಬರಿಯ ಕಸುಬಿನ ವಿಚಾರವೆಂದು ತೋರಬಹುದು. ಆದರೆ ಸಾಧನವು ಬದಲಾದಾಗಲೆಲ್ಲ ಹಿಡಿದ ಮೀನಿನ ಪಾಲು ಯಾರಿಗೆ ಸೇರಬೇಕೆಂಬ ಕ್ರಮವೂ ಬದಲಾಗಿದೆ. ಹಾಗಾಗಿ ಬಲೆಯ ಚರಿತ್ರೆಯು ಊರಿನ ಚರಿತ್ರೆಯೂ ಹೌದು.

ಅರಸನ ಗಾಳ, ಕಲೆಕ್ಟರನ ಗಾಳ

ಗಾಳದ ವಿಷಯದಲ್ಲಿ ನಮ್ಮ ನಾಡು ಹೆಮ್ಮೆಪಡಬಹುದಾದ ಒಂದು ಪ್ರಾಚೀನ ದಾಖಲೆಯಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಕ್ರಿ. ಶ. ೧೧೩೧ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥ ಚಿಂತಾಮಣಿ' ಎಂಬ ಗ್ರಂಥವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳನ್ನು ಒಳಗೊಂಡಿದೆ. ರಾಜ್ಯಭಾರದಿಂದ ಅಡಿಗೆಯವರೆಗೆ, ಸಂಗೀತದಿಂದ ಆನೆಗಳವರೆಗೆ ಅದರಲ್ಲಿ ಬಾರದ ವಿಷಯವೇ ಕಡಿಮೆ. ಅಲ್ಲಿ 'ಮತ್ಸ್ಯವಿನೋದ'ವೆಂಬ ಭಾಗವೊಂದಿದೆ. ಮೀನುಗಳನ್ನು ಸಮುದ್ರದವು, ಸಿಹಿನೀರಿನವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ಬೇರ್ಪಡಿಸಿ, ಮೂವತ್ತಕ್ಕೂ ಮಿಕ್ಕಿದ ಜಾತಿಗಳನ್ನು ಅರಸನು ಹೆಸರಿಸುತ್ತಾನೆ. ಯಾವ ಮೀನಿಗೆ ಯಾವ ತಿನಿಸು ಹಿತವೆಂಬುದನ್ನೂ, ಗಾಳ, ದಾರ, ಕೋಲುಗಳು ಹೇಗಿರಬೇಕೆಂಬುದನ್ನೂ ವಿವರಿಸುತ್ತಾನೆ. ಕೆಲವಕ್ಕೆ ಎಳ್ಳಿನ ಹಿಂಡಿ ಮತ್ತು ಹಿಟ್ಟಿನ ಉಂಡೆ, ಕೆಲವಕ್ಕೆ ಮಾಂಸ ಎಂದು ಎರೆಯನ್ನು ವಿಂಗಡಿಸುವ ಆ ದೃಷ್ಟಿಯು ಇಂದಿನ ಗಾಳಗಾರನಿಗೂ ಒಪ್ಪುವಂಥದು. ಭಾರತೀಯ ಪ್ರಾಣಿಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಮತ್ಸ್ಯಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು ೧೯೫೧ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು ಅದನ್ನು ವಿದ್ವಾಂಸರ ಗಮನಕ್ಕೆ ತಂದರು.

ಸೋಮೇಶ್ವರನಿಗೆ ಗಾಳವು ಹೊಟ್ಟೆಪಾಡಿನ ಸಾಧನವಾಗಿರಲಿಲ್ಲ, ಹೆಸರೇ ಹೇಳುವಂತೆ ವಿನೋದವಾಗಿತ್ತು. ಏಳು ಶತಮಾನಗಳು ಕಳೆದ ಮೇಲೆ ಇದೇ ವಿನೋದವನ್ನು ಕುರಿತು ನಮ್ಮ ಕರಾವಳಿಯಿಂದಲೇ ಮತ್ತೊಂದು ಗ್ರಂಥವು ಹೊರಬಂದಿತು. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬವರು ಬರೆದ 'ದಿ ರಾಡ್ ಇನ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕವು ೧೮೭೩ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನ ಮೂಲಕ ಪ್ರಕಟವಾಯಿತು. ಘಟ್ಟದ ಹೊಳೆಗಳ ಮಹಶೀರ್ ಮೀನೇ ಅದರ ನಾಯಕನೆನ್ನಬಹುದು. ಅರಸನೂ ಕಲೆಕ್ಟರನೂ ಬರೆದಿಟ್ಟರು, ಅವರ ಮಾತು ಉಳಿಯಿತು. ಅವರಿಗೆ ಮೀನಿನ ನಡೆಯನ್ನು ತೋರಿಸಿಕೊಟ್ಟ ಬೆಸ್ತರ ಹೆಸರುಗಳು ಉಳಿಯಲಿಲ್ಲ.

ದಡದ ಗಾಳಗಾರನ ವಿವೇಕ

ಹೆಸರು ಉಳಿಯದಿದ್ದರೂ ವಿದ್ಯೆಯು ಉಳಿದಿದೆ. ಮಳಲ ದಡದ ಮೇಲೆ ಗಾಳ ಹಿಡಿದು ನಿಲ್ಲುವವನು ಮೊದಲು ನೋಡುವುದು ನೀರನ್ನು. ಅಲೆಗಳು ಒಡೆಯುವ ಸ್ಥಳಕ್ಕೂ ದಡಕ್ಕೂ ನಡುವೆ ಮಳಲು ಕೊರೆದು ತಗ್ಗಾದ ಜಾಗಗಳಿರುತ್ತವೆ. ಅಲೆಯು ಕೆದಕಿದ ಹುಳು, ಏಡಿ, ಚಿಪ್ಪುಗಳು ಆ ತಗ್ಗಿಗೆ ಬಂದು ಬೀಳುವುದರಿಂದ ಮೀನು ಅಲ್ಲಿಗೆ ಮೇಯಲು ಬರುತ್ತದೆ. ಎಷ್ಟು ದೂರ ಎಸೆಯಬಲ್ಲೆನೆಂಬುದಕ್ಕಿಂತ ಈ ತಗ್ಗನ್ನು ಗುರುತಿಸುವ ಕಣ್ಣು ಮುಖ್ಯ. ಭರತವು ಏರುವ ಹೊತ್ತು, ಬೆಳಗು ಬೈಗುಗಳ ಮಬ್ಬು ಬೆಳಕು ಇವು ಗಾಳಕ್ಕೆ ಒಳ್ಳೆಯ ವೇಳೆ.

ಎರಡನೆಯ ಪ್ರಶ್ನೆ ಎರೆಯದು. ಇಲ್ಲಿ ದಡದ ಜನರ ನಿಯಮವು ಸರಳವಾಗಿದೆ: ಯಾವ ಮೀನು ಬೇಕೋ ಅದು ಆ ಜಾಗದಲ್ಲಿ ಏನನ್ನು ತಿನ್ನುತ್ತದೆಯೋ ಅದನ್ನೇ ಕೊಡಬೇಕು. ಮಳಲ ತಳದಲ್ಲಿ ಹುಳುಗಳನ್ನೂ ಸಣ್ಣ ಏಡಿಗಳನ್ನೂ ಹುಡುಕುವ ಕಾಣೆ ಮೀನಿನ ಬಾಯಿ ಚಿಕ್ಕದು. ಅದಕ್ಕೆ ಸಣ್ಣ ಗಾಳ, ತೆಳು ದಾರ, ಹುಳು ಅಥವಾ ಸಿಗಡಿಯ ಚಿಕ್ಕ ತುಂಡು ಬೇಕು. ವಾಸನೆ ಹಿಡಿದು ಬರುವ ಶೇಡಿ ಮೀನಿಗೆ ಬೂತಾಯಿಯ ತುಂಡು ಸಾಕು. ಅಳಿವೆಯ ಬಾಯಿಯ ಕಲ್ಲುಗಳ ಸಂದಿಯಲ್ಲಿ ಅವಿತಿರುವ ಕೆಂಬೇರಿಯು ಜೀವಂತ ಸಿಗಡಿಯನ್ನು ಕಂಡರೆ ಮುನ್ನುಗ್ಗುತ್ತದೆ. ಓಡುವ ಮೀನನ್ನು ಅಟ್ಟಿ ತಿನ್ನುವ ಅಂಜಲ್ ಮೀನಿಗೆ ಸತ್ತು ಬಿದ್ದ ಎರೆಗಿಂತ ಚಲಿಸುವ ಎರೆಯೇ ಮೇಲು. ಹಲ್ಲಿನಿಂದ ದಾರವನ್ನು ಕತ್ತರಿಸುವ ತಾಟೆಯಂಥ ಮೀನಿಗೆ ಗಾಳದ ಬುಡದಲ್ಲಿ ತಂತಿಯನ್ನು ಕಟ್ಟಬೇಕಾಗುತ್ತದೆ. ಅಲೆಯ ಸೆಳೆತ ಹೆಚ್ಚಿದ ದಿನ ಎರೆಯು ತಳದಲ್ಲಿ ನಿಲ್ಲುವಷ್ಟು ಭಾರದ ಸೀಸದ ಗುಂಡು ಬೇಕು. ಭಾರ ಅತಿಯಾದರೆ ಸಣ್ಣ ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ.

ಎರೆಯನ್ನು ಕೊಳ್ಳುವ ಪದ್ಧತಿ ಹಳಬರಿಗೆ ಇರಲಿಲ್ಲ. ಇಳಿತದ ಹೊತ್ತಿಗೆ ಅಳಿವೆಯ ಕೆಸರಿನಲ್ಲಿ ಹುಡುಕಿದರೆ ಚಿಪ್ಪು ಸಿಗುತ್ತಿತ್ತು. ಅದನ್ನು ತುಳುವರು ಮರುವಾಯಿ ಎನ್ನುತ್ತಾರೆ, ಕುಂದಾಪುರದ ಕಡೆಯವರು ಮಳಿ ಎನ್ನುತ್ತಾರೆ. ಒದ್ದೆ ಮಳಲನ್ನು ಕೆದಕಿದರೆ ಸಣ್ಣ ಏಡಿ ಸಿಗುತ್ತಿತ್ತು. ದಡವೇ ಎರೆಯ ಉಗ್ರಾಣವಾಗಿತ್ತು. ಒಬ್ಬನಿಂದ ಆಗುವ, ಬಂಡವಾಳ ಬೇಡದ ಕಸುಬಿದು. ಆದರೆ ಇದರಿಂದ ಒಂದು ಮನೆಯ ಸಾರಿಗೆ ಮೀನು ದೊರೆತೀತೇ ಹೊರತು ಒಂದು ಊರು ಬದುಕಲಾರದು. ಊರು ಬದುಕಬೇಕಾದರೆ ಬಲೆ ಬೇಕು.

ಬಲೆಯನ್ನು ಆರಿಸುವುದು ದಡ

ಮುಂಬಯಿ, ಮದರಾಸುಗಳಲ್ಲಿ ನೆಲೆಸಿದ ಕನ್ನಡಿಗರು ಅಲ್ಲಿನ ಮೀನುಗಾರರನ್ನು ಕಂಡು, ನಮ್ಮೂರಿನ ಬಲೆ ಇಲ್ಲೇಕಿಲ್ಲವೆಂದು ಯೋಚಿಸಿರಬಹುದು. ಉತ್ತರವು ಸಮುದ್ರದಲ್ಲಿಯೇ ಇದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಮುಂಬಯಿಯ ಭರತ ಇಳಿತಗಳ ಅಂತರವು ನಾಲ್ಕು ಮೀಟರಿನಷ್ಟಾಗುತ್ತದೆ. ತಳದಲ್ಲಿ ಕೆಸರು, ನೀರಿನಲ್ಲಿ ಬಲವಾದ ಸೆಳೆತ. ಆದ್ದರಿಂದ ಅಲ್ಲಿನ ಕೋಳಿ ಜನರು ನೀರಿನ ಓಟವನ್ನೇ ಕೆಲಸಕ್ಕೆ ಹಚ್ಚಿದರು. ಚೀಲದ ಆಕಾರದ ಡೋಲ್ ಬಲೆಯನ್ನು ಸಮುದ್ರದಲ್ಲಿ ನೆಟ್ಟ ಗೂಟಗಳಿಗೆ ಕಟ್ಟಿ, ಅದರ ಬಾಯಿಯನ್ನು ಸೆಳೆತಕ್ಕೆ ಎದುರಾಗಿ ಒಡ್ಡಿದರೆ ಬೊಂಬಿಲ್ ಮೀನು ತಾನಾಗಿ ಬಂದು ತುಂಬುತ್ತದೆ. ಮದರಾಸಿನಲ್ಲಿ ದಡಕ್ಕೆ ಅಪ್ಪಳಿಸುವ ಅಲೆಯು ಜೋರು. ಅಲ್ಲಿ ಅಲೆಯನ್ನು ತಾಳಬಲ್ಲ ಕಟ್ಟುಮರವೂ, ಹಲಗೆಗಳನ್ನು ಹಗ್ಗದಿಂದ ಹೊಲಿದ ಮಸೂಲಾ ದೋಣಿಯೂ ಬಳಕೆಗೆ ಬಂದವು. ದಡಕ್ಕೆ ಎಳೆಯುವ ಬಲೆಯನ್ನು ತಮಿಳರು ಕರವಲೈ ಎಂದು ಕರೆಯುತ್ತಾರೆ.

ನಮ್ಮ ಕನ್ನಡ ಕರಾವಳಿಯ ಗುಣ ಬೇರೆ. ಮಂಗಳೂರಿನ ಕಡೆ ಭರತ ಇಳಿತಗಳ ಅಂತರ ಒಂದೂವರೆ ಮೀಟರಿನ ಆಸುಪಾಸು. ಮಳೆಗಾಲ ಮುಗಿದ ಮೇಲೆ ಸಮುದ್ರವು ಶಾಂತವಾಗುತ್ತದೆ. ಉದ್ದವಾದ ಮಳಲ ದಡಗಳಿವೆ, ತಳದಲ್ಲಿ ಬಲೆಯನ್ನು ಹರಿಯುವ ಕಲ್ಲು ಕಡಿಮೆ. ಎಲ್ಲಕ್ಕಿಂತ ಮಿಗಿಲಾಗಿ, ಮಳೆಗಾಲದ ನಂತರ ಬಂಗುಡೆ, ಬೂತಾಯಿಗಳು ಹಿಂಡು ಹಿಂಡಾಗಿ ದಡದ ಸಮೀಪಕ್ಕೆ ಬರುತ್ತವೆ. ಬೂತಾಯಿಯನ್ನು ಕುಂದಾಪುರದವರು ಬೈಗೆ ಎಂದೂ, ಕಾರವಾರದವರು ತಾರ್ಲೆ ಎಂದೂ ಕರೆಯುತ್ತಾರೆ. ಹಿಂಡಾಗಿ ಬರುವ ಮೀನಿಗೆ ಒಂಟಿ ಗಾಳದಿಂದ ಪ್ರಯೋಜನವಿಲ್ಲ. ಹಿಂಡನ್ನೇ ಸುತ್ತುವ ಬಲೆ ಬೇಕು. ಆ ಬಲೆಯೇ ರಂಪಣಿ. ಗೋವೆಯಲ್ಲಿ ಅದಕ್ಕೆ ರಾಂಪಣ್ ಎಂದೂ, ಎಳೆಯುವವರಿಗೆ ರಾಂಪಣ್‌ಕಾರರೆಂದೂ ಹೆಸರು.

ರಂಪಣಿಯ ಕಟ್ಟು

ನಮ್ಮ ದೇಶದ ದಡದ ಬಲೆಗಳಲ್ಲಿ ರಂಪಣಿಯು ಅತಿ ದೊಡ್ಡದೆನ್ನಿಸಿಕೊಂಡಿತ್ತು. ಹಲವು ತುಂಡುಗಳನ್ನು ಜೋಡಿಸಿದ ಅದರ ಉದ್ದವು ಒಂದು ಕಿಲೋಮೀಟರಿನವರೆಗೂ ಹೋಗುತ್ತಿತ್ತು. ನಡುಭಾಗದ ಕಣ್ಣುಗಳು ಸಣ್ಣವು. ಎರಡೂ ರೆಕ್ಕೆಗಳ ಕಡೆಗೆ ಹೋದಂತೆ ಕಣ್ಣುಗಳು ದೊಡ್ಡವಾಗುತ್ತಿದ್ದುವು. ಮೀನು ಕೊನೆಗೆ ಬಂದು ಸೇರುವುದು ನಡುವಿಗೆ. ಆದ್ದರಿಂದ ಅಲ್ಲಿ ಮಾತ್ರ ಒತ್ತಾದ ಹೆಣಿಗೆ ಬೇಕು. ರೆಕ್ಕೆಗಳ ಕೆಲಸ ಮೀನನ್ನು ಅಂಜಿಸಿ ನಡುವಿಗೆ ತಿರುಗಿಸುವುದು. ಅಲ್ಲಿ ಕಣ್ಣು ದೊಡ್ಡದಿದ್ದರೆ ನೂಲೂ ಉಳಿಯುತ್ತದೆ, ಎಳೆಯುವ ಶ್ರಮವೂ ಉಳಿಯುತ್ತದೆ. ಈ ಲೆಕ್ಕಾಚಾರವನ್ನು ಯಾವ ವಿದ್ಯಾಲಯವೂ ಕಲಿಸಿದ್ದಲ್ಲ.

ನೈಲಾನು ಬರುವ ಮೊದಲು ಬಲೆಗೆ ಸೆಣಬು ಮತ್ತು ಹತ್ತಿಯ ನೂಲು, ಎಳೆಯಲು ತೆಂಗಿನ ನಾರಿನ ಹಗ್ಗ. ಉಪ್ಪುನೀರಿನಲ್ಲಿ ನೂಲು ಬೇಗ ಕೊಳೆಯುವುದರಿಂದ ಬಲೆಯನ್ನು ಮರದ ತೊಗಟೆಯ ಚೊಗರಿನಲ್ಲಿ ಅದ್ದಿ, ಒಣಗಿಸಿ, ಹರಿದುದನ್ನು ಹೆಣೆದು ಸಿದ್ಧವಾಗಿಡಬೇಕಾಗಿತ್ತು. ಮೀನಿಗೆ ಹೋಗದ ದಿನವೂ ಬಲೆಗೆ ದುಡಿಮೆಯಿರುತ್ತಿತ್ತು.

ದಡದಲ್ಲಿ ಕಾವಲಿದ್ದ ಅನುಭವಿಗಳು ನೀರಿನ ಬಣ್ಣ ಬದಲಾದುದನ್ನೂ, ಮೇಲ್ಮೈಯ ನಡುಕವನ್ನೂ, ಹಕ್ಕಿಗಳು ಎರಗುವುದನ್ನೂ ನೋಡಿ ಹಿಂಡು ಬಂದಿತೆಂದು ತಿಳಿಯುತ್ತಿದ್ದರು. ಕೂಡಲೇ ಬಲೆಯ ಒಂದು ತುದಿಯ ಹಗ್ಗವನ್ನು ದಡದವರ ಕೈಯಲ್ಲಿ ಬಿಟ್ಟು, ದೊಡ್ಡ ದೋಣಿಯು ಬಲೆಯನ್ನು ಇಳಿಸುತ್ತ ಹಿಂಡನ್ನು ಅರ್ಧಚಂದ್ರಾಕಾರವಾಗಿ ಬಳಸಿ ಮತ್ತೊಂದು ಕಡೆ ದಡ ಮುಟ್ಟುತ್ತಿತ್ತು. ಅಲ್ಲಿಂದ ಎರಡು ತಂಡಗಳು ಎರಡೂ ಹಗ್ಗಗಳನ್ನು ಒಂದೇ ಸಮನಾಗಿ ಎಳೆಯಬೇಕು. ಒಂದು ಕಡೆ ಆತುರವಾದರೆ ಬಲೆಯು ಓರೆಯಾಗಿ ಮೀನು ತಪ್ಪಿಸಿಕೊಳ್ಳುತ್ತದೆ. ಹಿಂಡು ದೊಡ್ಡದಾಗಿದ್ದರೆ ಎಲ್ಲವನ್ನೂ ಒಮ್ಮೆಲೇ ದಡಕ್ಕೆ ಹಾಕದೆ, ಬಲೆಯನ್ನು ಆಳವಿಲ್ಲದ ನೀರಿನಲ್ಲಿ ನಿಲ್ಲಿಸಿ, ಮಾರಾಟವಾಗುವಷ್ಟನ್ನು ಮಾತ್ರ ತೆಗೆಯುತ್ತಿದ್ದರು. ಬರ್ಫವಿಲ್ಲದ ಕಾಲದಲ್ಲಿ ಮೀನನ್ನು ತಾಜಾ ಇಡುವ ಉಪಾಯವಾಗಿತ್ತಿದು.

ಇಷ್ಟಕ್ಕೆ ಅರುವತ್ತು ಎಂಬತ್ತು ಜನ ಬೇಕು. ಆದ್ದರಿಂದ ರಂಪಣಿಯು ಒಬ್ಬನ ಸೊತ್ತಾಗಿರುವುದು ಕಷ್ಟವಾಗಿತ್ತು. ಬಲೆಯ ತುಂಡುಗಳನ್ನು ಬೇರೆ ಬೇರೆ ಮನೆಗಳವರು ತಂದು ಕೂಡಿಸಿ ಕಂಪೆನಿ ಕಟ್ಟುತ್ತಿದ್ದರು. ಬಲೆಗೊಂದು ಪಾಲು, ದೋಣಿಗೊಂದು ಪಾಲು, ದುಡಿದ ಕೈಗಳಿಗೆ ಪಾಲು ಎಂದು ಹಂಚಿಕೆಯಾಗುತ್ತಿತ್ತು. ಹಗ್ಗಕ್ಕೆ ಕೈಹಚ್ಚಿದ ಮುದುಕರು, ಹುಡುಗರು ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ಮೀನು ದಡಕ್ಕೆ ಬಂದ ಕೂಡಲೇ ಊರಿನ ಹೆಂಗಸರು ಅಲ್ಲಿಯೇ ಕೊಂಡು, ಬುಟ್ಟಿಯನ್ನು ತಲೆಯ ಮೇಲಿಟ್ಟು ಒಳನಾಡಿನ ಮನೆಮನೆಗೆ ಮಾರಲು ಹೊರಡುತ್ತಿದ್ದರು. ಹಾಗೆಂದು ಅಂದಿನ ಬಾಳು ಸುಖಮಯವಾಗಿತ್ತೆಂದು ಹೇಳಲಾಗದು. ಹಿಂಡು ಬಾರದ ವರ್ಷ ಊರಿಗೂರೇ ಹಸಿದಿರುತ್ತಿತ್ತು, ಸಾಲ ಬೆಳೆಯುತ್ತಿತ್ತು. ಆದರೆ ಬಂದ ವರ್ಷ ಬಂದದ್ದು ಊರಿಗೇ ಬರುತ್ತಿತ್ತು.

ಒಂದು ಕಡಲು, ಎರಡು ಆಡಳಿತ

ರಾಜ್ಯೋತ್ಸವದ ಈ ಸಂದರ್ಭದಲ್ಲಿ ಮತ್ತೊಂದು ಸಂಗತಿಯನ್ನು ನೆನೆಯಬೇಕು. ಬ್ರಿಟಿಷರ ಕಾಲದಲ್ಲಿ ಈ ಒಂದೇ ಕರಾವಳಿಯನ್ನು ಎರಡು ಪ್ರಾಂತಗಳು ಆಳುತ್ತಿದ್ದುವು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡವು ಮದರಾಸಿನಲ್ಲಿ ಉಳಿಯಿತು. ಬಂಗುಡೆಯ ಹಿಂಡಿಗೆ ಈ ಗಡಿ ತಿಳಿಯದು, ಆದರೆ ಬಲೆಯವನ ಅರ್ಜಿಯು ಭಟ್ಕಳದಿಂದ ಒಂದು ರಾಜಧಾನಿಗೂ, ಗಂಗೊಳ್ಳಿಯಿಂದ ಮತ್ತೊಂದು ರಾಜಧಾನಿಗೂ ಹೋಗಬೇಕಾಗಿತ್ತು.

ಉಪ್ಪಿನ ಮೇಲಿನ ತೆರಿಗೆಯು ದಡದವರನ್ನು ಬಹಳವಾಗಿ ಕಾಡಿತು. ಹಿಂಡು ಬಂದಾಗ ಸಿಗುವ ರಾಶಿಯನ್ನು ಉಪ್ಪಿಲ್ಲದೆ ಕಾಪಾಡುವುದು ಅಸಾಧ್ಯ. ಮತ್ಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಡೇ ಅವರ ಸಮುದ್ರ ಮೀನುಗಾರಿಕೆಯ ವರದಿಯು ೧೮೭೩ರಲ್ಲಿ ಹೊರಬಂದಿತು. ಆ ದಶಕದಿಂದ ಮದರಾಸು ಪ್ರಾಂತದಲ್ಲಿ ತೆರಿಗೆಯಿಲ್ಲದ ಉಪ್ಪನ್ನು ಒದಗಿಸುವ ಮೀನು ಉಪ್ಪಿನಂಗಳಗಳು ಆರಂಭವಾದುವು. ೧೯೦೭ರಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ ಅವರ ನೇತೃತ್ವದಲ್ಲಿ ಮದರಾಸಿನ ಮೀನುಗಾರಿಕೆ ಇಲಾಖೆ ರೂಪುಗೊಂಡಿತು; ಅವರ ಜೊತೆಗಾರರಾದ ಜೇಮ್ಸ್ ಹಾರ್ನೆಲ್ ಬೂತಾಯಿಯನ್ನು ಅಭ್ಯಸಿಸಿದರು. ಬೂತಾಯಿಯಿಂದ ತೆಗೆದ ಎಣ್ಣೆಯು ದೋಣಿಯ ಮರಕ್ಕೆ ಬಳಿಯಲು ಆಗುತ್ತಿತ್ತು, ಹೊರದೇಶಕ್ಕೂ ಹೋಗುತ್ತಿತ್ತು. ಉಳಿದ ಹಿಂಡಿ ತೆಂಗು, ಕಾಫಿ ತೋಟಗಳಿಗೆ ಗೊಬ್ಬರವಾಗುತ್ತಿತ್ತು. ದಡದ ಬಲೆಗೂ ಘಟ್ಟದ ಮೇಲಿನ ತೋಟಕ್ಕೂ ಹೀಗೆ ನಂಟು ಬೆಳೆದಿತ್ತು.

೧೯೫೬ರ ನವೆಂಬರ್ ೧ರಂದು ಈ ಎರಡು ದಂಡೆಗಳೂ ಒಂದೇ ರಾಜ್ಯದೊಳಗೆ ಬಂದುವು. ಕಾಸರಗೋಡು ಮಾತ್ರ ಕೇರಳಕ್ಕೆ ಸೇರಿತು. ಮಾಜಾಳಿಯ ರಂಪಣಿಗೂ ಮಲ್ಪೆಯ ರಂಪಣಿಗೂ ಒಂದೇ ಇಲಾಖೆಯಾಯಿತು.

೧೯೭೫ರ ನಂತರ

ಬದಲಾವಣೆಯು ಮೊದಲು ನೂಲಿನ ರೂಪದಲ್ಲಿ ಬಂದಿತು. ನೈಲಾನು ಹಗುರ, ಗಟ್ಟಿ, ಕೊಳೆಯದು. ಚೊಗರಿನ ಕೆಲಸವೇ ತಪ್ಪಿತು. ಅದನ್ನು ದಡದವರು ಸಂತೋಷದಿಂದಲೇ ಸ್ವೀಕರಿಸಿದರು. ನಿಜವಾದ ತಿರುವು ಪರ್ಸೀನ್ ಬಲೆಯೊಂದಿಗೆ ಬಂದಿತು. ೧೯೭೫-೭೬ರ ಹೊತ್ತಿಗೆ ಕರ್ನಾಟಕದಲ್ಲಿ ಇದು ಕಸುಬಿನ ಸಾಧನವಾಗಿ ಬಳಕೆಗೆ ಬಂದು, ಕೆಲವೇ ವರ್ಷಗಳಲ್ಲಿ ಇಂಥ ದೋಣಿಗಳ ಸಂಖ್ಯೆ ನೂರಾರಕ್ಕೆ ಏರಿತು. ಯಂತ್ರದ ದೋಣಿಯು ಹಿಂಡನ್ನು ಸಮುದ್ರದಲ್ಲಿಯೇ ಸುತ್ತುಗಟ್ಟಿ, ಬಲೆಯ ಕೆಳಅಂಚಿನ ಬಳೆಗಳಲ್ಲಿ ಓಡುವ ಹಗ್ಗವನ್ನು ಬಿಗಿದರೆ ಅದರ ತಳವು ಹಣದ ಚೀಲದ ಬಾಯಿಯಂತೆ ಮುಚ್ಚಿಕೊಳ್ಳುತ್ತದೆ. ಹಿಂಡು ದಡಕ್ಕೆ ಬರುವವರೆಗೆ ಕಾಯುವ ಅಗತ್ಯವೇ ಇಲ್ಲ.

ದಡದಲ್ಲಿ ಕಾದವರಿಗೆ ಬರುವ ಮೀನು ಕಡಿಮೆಯಾಯಿತು. ಎಪ್ಪತ್ತರ ದಶಕ ಮುಗಿಯುವುದರೊಳಗೆ ದೊಡ್ಡ ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದುವು. ಕೆಲವು ರಂಪಣಿ ಕಂಪೆನಿಗಳವರು ತಾವೇ ಕೂಡಿಕೊಂಡು ಪರ್ಸೀನ್ ದೋಣಿ ಕೊಂಡರು. ಎಲ್ಲರಿಗೂ ಅದು ಸಾಧ್ಯವಾಗಲಿಲ್ಲ. ನೆರೆಯ ಗೋವೆಯಲ್ಲಿ ರಾಂಪಣ್‌ಕಾರರು ಮತಾನಿ ಸಾಲ್ದಾನಾ ಮೊದಲಾದವರ ಮುಂದಾಳ್ತನದಲ್ಲಿ ದೀರ್ಘ ಹೋರಾಟ ನಡೆಸಿದರು. ಗೋವೆಯ ಸಮುದ್ರ ಮೀನುಗಾರಿಕೆ ನಿಯಂತ್ರಣ ಶಾಸನವು ೧೯೮೦ರಲ್ಲಿಯೂ ಕರ್ನಾಟಕದ್ದು ೧೯೮೬ರಲ್ಲಿಯೂ ಬಂದಿತು. ಅಷ್ಟರಲ್ಲಿ ನಮ್ಮ ದಡದ ರಂಪಣಿಯ ಕಾಲ ಮುಗಿದಿತ್ತು.

ಪರ್ಸೀನ್ ದೋಣಿಗೆ ಇಪ್ಪತ್ತು ಇಪ್ಪತ್ತೈದು ಜನ ಸಾಕು. ಉಳಿದ ಕೈಗಳು ಎಲ್ಲಿ ಹೋಗಬೇಕು? ಮೀನು ದಡದ ಬದಲು ಬಂದರಿನಲ್ಲಿ ಇಳಿಯತೊಡಗಿತು. ಅಲ್ಲಿ ಬರ್ಫ, ಲಾರಿ, ದೊಡ್ಡ ವ್ಯಾಪಾರಿಗಳ ಹರಾಜು. ಮನೆಯ ಮುಂದಿನ ಮಳಲಿನಲ್ಲಿ ಮೀನು ಕೊಳ್ಳುತ್ತಿದ್ದ ಹೆಂಗಸು ಈಗ ಬಂದರಿಗೆ ಹೋಗಿ ಹರಾಜಿನಲ್ಲಿ ಲಾರಿಯವನೊಡನೆ ಪೈಪೋಟಿ ಮಾಡಬೇಕಾಯಿತು. ಒಟ್ಟು ಹಿಡಿದ ಮೀನು ಹೆಚ್ಚಿತೆಂಬುದೂ, ಅನೇಕ ಮನೆಗಳಿಗೆ ಹಂಚಿನ ಮಾಡು, ಮಕ್ಕಳಿಗೆ ಕಾಲೇಜಿನ ವಿದ್ಯೆ ದೊರೆಯಿತೆಂಬುದೂ ಸತ್ಯ. ಪಾಲುದಾರರ ಸಂಖ್ಯೆ ಇಳಿಯಿತೆಂಬುದೂ ಅಷ್ಟೇ ಸತ್ಯ. ದಡವೂ ಕಿರಿದಾಯಿತು. ಕಾರವಾರ, ಅಂಕೋಲೆಗಳ ನಡುವಿನ ಹಲವು ಊರುಗಳ ದಂಡೆಯು, ೧೯೮೬ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗೆ ಸೇರಿತು. ಉಳ್ಳಾಲದಂಥ ಕಡೆ ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗೋಡೆಯು ಮಳಲ ದಡದ ಜಾಗವನ್ನು ತೆಗೆದುಕೊಂಡಿತು. ಕಲ್ಲಿನ ಮೇಲೆ ಬಲೆಯನ್ನು ಎಳೆಯಲಾಗದು.

ಇಂದಿಗೂ ಉಡುಪಿ ಕಡೆಯ ದಡಗಳಲ್ಲಿ ಕೈರಂಪಣಿಯೆಂಬ ಚಿಕ್ಕ ಬಲೆಯನ್ನು ಎಳೆಯುವವರು ಇದ್ದಾರೆ. ಬೀಸುಬಲೆ ಇದೆ, ಗಾಳವೂ ಇದೆ. ಸೋಮೇಶ್ವರನ ಕಾಲದಂತೆ ಗಾಳವನ್ನು ವಿನೋದಕ್ಕಾಗಿ ಹಿಡಿಯುವ ತರುಣರೂ ಈಗ ದಡದಲ್ಲಿ ಕಾಣಸಿಗುತ್ತಾರೆ. ಅವರ ಕೋಲು, ದಾರಗಳು ಹೊಸವು. ಆದರೆ ತಗ್ಗನ್ನು ನೋಡುವುದು, ಮೀನಿನ ಬಾಯಿಗೆ ತಕ್ಕ ಗಾಳ, ಮೀನಿನ ಮೇವಿಗೆ ತಕ್ಕ ಎರೆ ಎಂಬ ನಿಯಮಗಳು ಹಳೆಯವೇ.

ನಮ್ಮ ಪಾಲಿನ ಕೆಲಸ

ಈ ಚರಿತ್ರೆಗೂ ಹೊರನಾಡ ಕನ್ನಡಿಗರಿಗೂ ಇರುವ ಸಂಬಂಧ ದೂರದ್ದಲ್ಲ. ಕರಾವಳಿಯ ಮೀನುಗಾರರ ಮಕ್ಕಳು ಬಹು ಹಿಂದೆಯೇ ದುಡಿಮೆಯನ್ನರಸಿ ಮುಂಬಯಿಗೆ ಬಂದರು. ಮೊಗವೀರ ವ್ಯವಸ್ಥಾಪಕ ಮಂಡಳಿಯು ಅಲ್ಲಿ ೧೯೦೨ರಲ್ಲಿಯೇ ಸ್ಥಾಪಿತವಾಯಿತೆಂಬುದು ಇದಕ್ಕೆ ಸಾಕ್ಷಿ. ರಂಪಣಿಯು ನಿಂತ ಮೇಲೆ ದಡ ಬಿಟ್ಟು ಬಂದವರೂ ನಮ್ಮ ನಡುವೆ ಇದ್ದಾರೆ. ಹಗ್ಗ ಹಿಡಿದವರು, ಬಲೆ ಹೆಣೆದವರು, ಬುಟ್ಟಿ ಹೊತ್ತವರು ಇಂದು ಅಜ್ಜ ಅಜ್ಜಿಯರಾಗಿ ಪರವೂರಿನ ಮಹಡಿಮನೆಗಳಲ್ಲಿ ಮೊಮ್ಮಕ್ಕಳ ಜೊತೆಗಿದ್ದಾರೆ.

ಅವರಿಗೆ ಗೊತ್ತಿರುವ ಮಾತುಗಳು ನಿಘಂಟುಗಳಲ್ಲಿ ಪೂರ್ತಿಯಾಗಿ ಬಂದಿಲ್ಲ. ಬಲೆಯ ಒಂದೊಂದು ಭಾಗಕ್ಕೂ, ಗಾಳಿಯ ದಿಕ್ಕಿಗೂ, ನೀರಿನ ಬಣ್ಣಕ್ಕೂ, ಒಂದೇ ಮೀನಿನ ಎಳೆತನ ಬಲಿತನಗಳಿಗೂ ಬೇರೆ ಬೇರೆ ಹೆಸರುಗಳಿವೆ. ಕುಂದಾಪುರದ್ದು ಒಂದು, ಕಾರವಾರದ್ದು ಒಂದು, ತುಳುನಾಡಿನದು ಒಂದು. ರಂಪಣಿಯನ್ನು ಮತ್ತೆ ದಡಕ್ಕೆ ತರುವುದು ನಮ್ಮ ಕೈಯಲ್ಲಿಲ್ಲ. ಆದರೆ ಈ ಮಾತುಗಳನ್ನು ಕೇಳಿ, ಒಂದು ನೋಟುಬುಕ್ಕಿನಲ್ಲಿ ಊರಿನ ಹೆಸರು ಸಹಿತ ಬರೆದಿಡುವುದು ಪ್ರತಿಯೊಂದು ಮನೆಗೂ ಸಾಧ್ಯ. ಮುಂದಿನ ರಾಜ್ಯೋತ್ಸವದೊಳಗೆ ಪ್ರತಿ ಸಂಘವೂ ತನ್ನ ಹಿರಿಯರಿಂದ ಇಂಥ ನೂರು ಮಾತುಗಳನ್ನು ಸಂಗ್ರಹಿಸಿದರೆ ಅದು ನಾಡಿಗೆ ಸಲ್ಲುವ ಸೇವೆಯಾದೀತು. ಅರಸನ ಮತ್ಸ್ಯವಿನೋದವು ಬರೆದಿಟ್ಟುದರಿಂದ ಇಂದಿಗೂ ಉಳಿದಿದೆ. ದಡದ ದುಡಿಮೆಗಾರನ ವಿದ್ಯೆಗೂ ಅಷ್ಟೇ ಗೌರವ ಸಲ್ಲಬೇಕು.